ಬಿಚ್ಚದೇ ಬಿರುಕು ಹಿಡಿಯಿರಿ: ಎನ್‌ಡಿಟಿಯಲ್ಲಿ ಗೆಲ್ಲಲು 7 ಸೂತ್ರಗಳು

ಮಡಕೆ ಕೊಳ್ಳುವ ಅಜ್ಜಿ ಅದನ್ನು ಒಡೆದು ನೋಡುವುದಿಲ್ಲ. ತಟ್ಟಿ ಸದ್ದು ಕೇಳುತ್ತಾಳೆ. ಬಾಯ್ಲರ್, ಪೈಪ್‌ಲೈನ್, ಟ್ಯಾಂಕ್‌ಗಳನ್ನು ಬಿಚ್ಚದೆ ಇದ್ದಲ್ಲೇ ಪರೀಕ್ಷಿಸುವ ಎನ್‌ಡಿಟಿ (ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್) ಕೂಡ ಅದೇ ಜಾಣತನ. ಐಟಿಐ, ಡಿಪ್ಲೊಮಾ ಮುಗಿಸಿ ಈ ಫೀಲ್ಡ್‌ಗೆ ಬಂದಿದ್ದೀರಾ? ಹೀಗೆ ಮಾಡಿ.

1. ಕಣ್ಣಿನಿಂದ ಶುರು ಮಾಡಿ. ಟಾರ್ಚ್, ಕನ್ನಡಿ ಕೈಯಲ್ಲಿರಲಿ. ತುಕ್ಕು, ಸೋರಿಕೆಯ ಗುರುತು, ವೆಲ್ಡ್ ಅಂಚಿನ ಗೀರು ಹುಡುಕಿ. ಪ್ರೋಬ್ ಎಲ್ಲಿಡಬೇಕೆಂದು ಹೇಳುವುದೇ ಕಣ್ಣು.

2. ರೋಗಕ್ಕೆ ತಕ್ಕ ಮದ್ದು ಆರಿಸಿ. ಮೇಲ್ಮೈಯಲ್ಲಿ ಬಾಯಿಬಿಟ್ಟ ಬಿರುಕಿಗೆ ಡೈ ಪೆನೆಟ್ರಂಟ್. ಒಳಗಿನ ದೋಷಕ್ಕೆ ಅಲ್ಟ್ರಾಸಾನಿಕ್ ಅಥವಾ ರೇಡಿಯೋಗ್ರಫಿ. ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ ಅಯಸ್ಕಾಂತ ಹಿಡಿಯುವ ಲೋಹಕ್ಕೆ ಮಾತ್ರ.

3. ಕೈಗೆ ತಾಳ್ಮೆ ಕಲಿಸಿ. ಪೆನೆಟ್ರಂಟ್ ಒರೆಸುವಾಗ ಕ್ಲೀನರ್ ಅನ್ನು ಬಟ್ಟೆಗೆ ಸ್ಪ್ರೇ ಮಾಡಿ, ಜಾಬ್ ಮೇಲೆ ಬೇಡ. ನೇರ ಹೊಡೆದರೆ ಬಿರುಕಿನೊಳಗಿನ ಕೆಂಪು ಬಣ್ಣವೂ ತೊಳೆದುಹೋಗುತ್ತದೆ. ಬಿಳಿ ಡೆವಲಪರ್ ಮೇಲೆ ಗೆರೆ ಮೂಡುವುದಿಲ್ಲ. ಬಿರುಕು ಮಾತ್ರ ಅಲ್ಲೇ ಉಳಿಯುತ್ತದೆ.

4. ಡೌಟು ಬಂದರೆ ಕ್ಯಾಲಿಬ್ರೇಟ್ ಮಾಡಿ. ಅಲ್ಟ್ರಾಸಾನಿಕ್ ರೀಡಿಂಗ್ ಸರಿಯೋ ತಪ್ಪೋ ಎಂದು ತಲೆ ಕೆರೆದುಕೊಳ್ಳಬೇಡಿ. ಅಳತೆ ಗೊತ್ತಿರುವ ವಿ1 ಬ್ಲಾಕ್‌ನ 25 ಮಿ.ಮೀ. ದಪ್ಪದ ಮೇಲೆ ಪ್ರೋಬ್ ಇಡಿ. 25 ಬಂತೇ? ಮುಂದೆ ನಡೆಯಿರಿ. ಬರಲಿಲ್ಲವೇ? ಸೆಟ್ಟಿಂಗ್ ಸರಿಪಡಿಸಿ, ಹಿಂದಿನ ರೀಡಿಂಗ್‌ಗಳನ್ನೂ ಮತ್ತೆ ತೆಗೆಯಿರಿ.

5. ಬರೀ ರೀಡಿಂಗ್ ಬೇಡ, ಲೆಕ್ಕ ಕೊಡಿ. 10 ಮಿ.ಮೀ. ದಪ್ಪದ ಪೈಪ್ ಗೋಡೆ 5 ವರ್ಷದಲ್ಲಿ 8ಕ್ಕೆ ಇಳಿದಿದ್ದರೆ ಸವೆತ ವರ್ಷಕ್ಕೆ 0.4. ಕನಿಷ್ಠ 6 ಇರಲೇಬೇಕೆಂದರೆ, ಇದೇ ವೇಗದಲ್ಲಿ ಅದರ ಆಯಸ್ಸು ಇನ್ನು 5 ವರ್ಷ. ಮ್ಯಾನೇಜರ್ ಕಾಯುತ್ತಿರುವುದು ಈ ಉತ್ತರಕ್ಕೆ.

6. ರೇಡಿಯೋಗ್ರಫಿ ನಡೆಯುವಾಗ ಸುತ್ತ ಕಟ್ಟಿದ ಹಗ್ಗದಾಚೆ ನಿಲ್ಲಿ. ವಿಕಿರಣದ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇಲ್ಲದೆ ರೇಡಿಯೋಗ್ರಫಿ ಕೆಲಸಕ್ಕೆ ಇಳಿಯಬೇಡಿ. ಸೋರ್ಸ್‌ನಿಂದ ದೂರ ಎರಡು ಪಟ್ಟಾದರೆ ಡೋಸ್ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅವಸರಕ್ಕೆ ಇಲ್ಲಿ ಜಾಗವಿಲ್ಲ.

7. ಲೆವೆಲ್ ಏರಿ. ಲೆವೆಲ್ 1ರಲ್ಲಿ ಹೇಳಿದಂತೆ ಟೆಸ್ಟ್ ಮಾಡುತ್ತೀರಿ. ಲೆವೆಲ್ 2ರಲ್ಲಿ ಕೋಡ್ ನೋಡಿ ಪಾಸೋ ಫೇಲೋ ನೀವೇ ಹೇಳುತ್ತೀರಿ. ಕೆಲಸದ ಗಂಟೆಗಳನ್ನು ಇಂದಿನಿಂದಲೇ ಬರೆದಿಡಿ. ಸರ್ಟಿಫಿಕೇಟ್‌ಗೆ ಅನುಭವದ ದಾಖಲೆ ಬೇಕು.

ನಾಳೆ ಶಿಫ್ಟ್‌ನ ಮೊದಲ ಕೆಲಸ ಏನು? ಕಿಟ್ ತೆರೆಯಿರಿ, ಕಪ್ಲಂಟ್ ಜೆಲ್ ಹಚ್ಚಿ, ಬ್ಲಾಕ್ ಮೇಲೆ ಪ್ರೋಬ್ ಇಡಿ. 25 ಕಂಡಮೇಲೆ ಪೈಪ್ ಹತ್ತಿರ ಹೋಗಿ.