ಆಕಾಶದ ಕಣ್ಣು ಮತ್ತು ನಮ್ಮೂರ ಗಾಳಿ



ಶುದ್ಧ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ನಾವು ಪಾಠದಲ್ಲಿ ಓದಿದ್ದೇವೆ. ಆದರೆ ಸುಗ್ಗಿ ಮುಗಿದು ಹೊಲದಾಗಿನ ಗೋವಿನಜೋಳದ ದಂಟಿಗೆ ಬೆಂಕಿ ಹಚ್ಚಿದ ದಿನ ನೋಡಿರಿ. ಗಾಳಿಗೆ ಬಣ್ಣನೂ ಬರತೈತಿ, ವಾಸನೆನೂ ಬರತೈತಿ. ದಮ್ಮು ಇರುವ ಮುದುಕರು ಆ ರಾತ್ರಿ ಎದ್ದು ಕೂತೇ ಕಳೆಯುತ್ತಾರೆ. ಹಾಗಾದರೆ ಈ ಹೊಗೆಯನ್ನು ಯಾರು ಅಳೆಯುತ್ತಾರೆ? ಹೇಗೆ ಅಳೆಯುತ್ತಾರೆ? ಈ ಸಲದ ಭಿತ್ತಿಪತ್ರಿಕೆಗೆ ಇದನ್ನೇ ಬರೆದಿದ್ದೇನೆ.

ನೆಲದ ಮೇಲಿನ ಯಂತ್ರ

ಹೊಗೆಯಲ್ಲಿ ಬಹಳ ಸಣ್ಣ ಕಣಗಳಿರುತ್ತವೆ. 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳಿಗೆ ಪಿ.ಎಂ. 2.5 ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು! ಮೂಗಿನ ಕೂದಲು ದೊಡ್ಡ ಧೂಳನ್ನು ತಡೆಯುತ್ತದೆ, ಇವನ್ನು ತಡೆಯಲಾರದು. ಅವು ನೇರ ಶ್ವಾಸಕೋಶದ ಆಳಕ್ಕೆ ಹೋಗಿ ಕೂಡುತ್ತವೆ.

ಇವನ್ನು ಅಳೆಯುವ ಯಂತ್ರಗಳನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ಮುಂತಾದ ಕಡೆ ಇಟ್ಟಿದೆ. ನಮ್ಮ ಜಿಲ್ಲೆಯ ಹಾವೇರಿಯಲ್ಲಿಯೂ ಇದೆ. 2015ರಿಂದ ನಮ್ಮ ದೇಶದಲ್ಲಿ ಗಾಳಿಗೆ ಅಂಕ ಕೊಡುವ ಪದ್ಧತಿ ಬಂದಿದೆ. ನಮ್ಮ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೆ ಒಳ್ಳೆಯದು, ಇಲ್ಲಿ ಕಡಿಮೆ ಬಂದರೆ ಒಳ್ಳೆಯದು. 0ರಿಂದ 50 ಉತ್ತಮ, ಬಣ್ಣ ಹಸಿರು. 401ರ ಮೇಲೆ ಹೋದರೆ ತೀವ್ರ ಅಪಾಯ, ಬಣ್ಣ ಕಡುಕೆಂಪು.

ಆದರೆ ಯಂತ್ರ ತಾನು ನಿಂತ ಜಾಗದ ಗಾಳಿಯನ್ನಷ್ಟೇ ಅಳೆಯುತ್ತದೆ. ಹತ್ತಿಮತ್ತೂರಿನ ಹೊಗೆ ಹಾವೇರಿಯ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಊರಿಗೊಂದು ಯಂತ್ರ ಇಡಲು ಬಹಳ ಖರ್ಚು.

ಮೇಲಿನಿಂದ ನೋಡುವ ಉಪಗ್ರಹ

ಅದಕ್ಕೇ ಉಪಗ್ರಹದ ಸಹಾಯ ಬೇಕು. ನಮ್ಮ ಇಸ್ರೋ 2016ರ ಸೆಪ್ಟೆಂಬರ್ 8ರಂದು ಇನ್ಸಾಟ್-3ಡಿಆರ್ ಉಪಗ್ರಹವನ್ನು ಹಾರಿಸಿತು. ಅದು ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಇಂಥ ಉಪಗ್ರಹಗಳನ್ನು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿಯೇ ಇದೆ. ಬಿಸಿಲು ಧೂಳಿನ ಕಣಗಳಿಗೆ ಬಡಿದು ಚದುರುತ್ತದೆ. ಎಷ್ಟು ಚದುರಿತು ಎಂಬುದನ್ನು ನೋಡಿ ಗಾಳಿಯಲ್ಲಿ ಎಷ್ಟು ಧೂಳು ಇದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ.

ಯುರೋಪಿನವರು 2017ರ ಅಕ್ಟೋಬರ್‌ನಲ್ಲಿ ಸೆಂಟಿನೆಲ್-5ಪಿ ಎಂಬ ಉಪಗ್ರಹ ಹಾರಿಸಿದರು. ಅದು ವಾಹನ ಮತ್ತು ಕಾರ್ಖಾನೆಗಳಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅನ್ನು ಗುರುತಿಸುತ್ತದೆ. ಅದರ ಚಿತ್ರದ ಒಂದು ಚೌಕವೆಂದರೆ ನೆಲದ ಮೇಲೆ ಸುಮಾರು 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲ. ನಮ್ಮ ಊರು, ಸುತ್ತಲಿನ ಹೊಲ ಎಲ್ಲಾ ಒಂದೆರಡು ಚೌಕದಾಗ ಮುಗೀತು!

ಆದರೆ ಉಪಗ್ರಹಕ್ಕೂ ತೊಂದರೆ ಇದೆ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ರಾತ್ರಿ ಬಿಸಿಲಿಲ್ಲ. ಇನ್ನೊಂದು ಮುಖ್ಯ ತೊಂದರೆಯನ್ನು ಬಾವಿಯ ಉದಾಹರಣೆಯಿಂದ ತಿಳಿಯೋಣ. ಮೇಲಿಂದ ಬಗ್ಗಿ ನೋಡಿದರೆ ಬಾವಿ ನೀರು ರಾಡಿಯಾಗಿದೆ ಅಂತ ತಿಳಿಯುತ್ತದೆ. ರಾಡಿ ಮೇಲೈತೋ ತಳದಾಗೈತೋ ತಿಳಿಯಬೇಕಾದರೆ ಕೊಡ ಇಳಿಸಿ ನೋಡಬೇಕು. ಹಾಗೆಯೇ ಧೂಳು ಮೋಡದ ಹತ್ತಿರ ಇದೆಯೋ ನಮ್ಮ ಮೂಗಿನ ಹತ್ತಿರ ಇದೆಯೋ ಎಂಬುದಕ್ಕೆ ನೆಲದ ಯಂತ್ರವೇ ಬೇಕು. ಎರಡನ್ನೂ ಕೂಡಿಸಿದಾಗ ಮಾತ್ರ ಲೆಕ್ಕ ಸರಿಯಾಗುತ್ತದೆ.

ದೇಶದೇಶಗಳ ಮುಯ್ಯಾಳು

ನಮ್ಮ ಹೊಲಕ್ಕೆ ನೀವು ಬಂದರೆ ನಿಮ್ಮ ಹೊಲಕ್ಕೆ ನಾವು ಬರುತ್ತೇವೆ. ಇದಕ್ಕೆ ಮುಯ್ಯಾಳು ಎನ್ನುತ್ತಾರಲ್ಲವೇ? ಗಾಳಿಗೆ ಗಡಿ ಇಲ್ಲ, ಬದುವಿಲ್ಲ. ಆದ್ದರಿಂದ ದೇಶಗಳೂ ಹೀಗೆಯೇ ಮಾಡುತ್ತಿವೆ. ಉಪಗ್ರಹ ಹಾರಿಸುವ ದೇಶಗಳ ಸಮಿತಿಯೊಂದು 1984ರಲ್ಲಿಯೇ ಆಯಿತು. ಅದರಲ್ಲಿ ಇಸ್ರೋ ಇದೆ. 2005ರಲ್ಲಿ ಭೂಮಿಯ ಮಾಹಿತಿ ಹಂಚಿಕೊಳ್ಳಲು ಇನ್ನೂ ದೊಡ್ಡ ಕೂಟ ಆಯಿತು. ಅದರಲ್ಲಿ ಭಾರತವೂ ಸದಸ್ಯ. ಒಂದೇ ಉಪಗ್ರಹ ಇಡೀ ದಿನ ಎಲ್ಲಾ ಕಡೆ ನೋಡಲಾರದು. ಅದಕ್ಕೆ ದಕ್ಷಿಣ ಕೊರಿಯಾದ್ದು (2020) ಏಷ್ಯಾವನ್ನು, ಅಮೆರಿಕದ್ದು (2023) ಉತ್ತರ ಅಮೆರಿಕವನ್ನು, ಯುರೋಪಿನ ಸೆಂಟಿನೆಲ್-4 (2025) ಯುರೋಪನ್ನು ಕಾಯುವಂತೆ ಹಂಚಿಕೊಂಡಿದ್ದಾರೆ.

ಇದರಿಂದ ನಮಗೇನು ಲಾಭ ಅಂತ ಕೇಳಬಹುದು. ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಉಪಗ್ರಹಕ್ಕೆ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಂಕಿ ಕಂಡರೆ, ಆ ಮಾಹಿತಿ ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಗೆ ಸಿಗುತ್ತದೆ. ಅಲ್ಲಿಂದ ಅರಣ್ಯ ಇಲಾಖೆಯವರ ಮೊಬೈಲಿಗೆ ಸಂದೇಶ ಬರುತ್ತದೆ. ಉಪಗ್ರಹ ಒಬ್ಬರದು, ಕಾಡು ಇನ್ನೊಬ್ಬರದು, ಆದರೂ ಬೆಂಕಿ ಆರಿಸಲು ಸಹಾಯವಾಯಿತು.

ಉಪಗ್ರಹಕ್ಕೆ ಕಾಣದ್ದು

ಹೊಲದ ಬೆಂಕಿ ಆಕಾಶಕ್ಕೆ ಕಂಡೀತು. ಅಡಿಗೆಮನೆಯ ಹೊಗೆ ಕಾಣುವುದಿಲ್ಲ. ಹತ್ತಿಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಅವ್ವಂದಿರ ಕಣ್ಣೀರನ್ನು ಯಾವ ಯಂತ್ರವೂ ಅಳೆದಿಲ್ಲ. ಮನೆಯಲ್ಲಿ ಗ್ಯಾಸ್ ಇದ್ದರೂ ಸಿಲಿಂಡರ್ ಬೇಗ ತೀರತೈತಿ ಅಂತ ಒಲೆ ಹೊತ್ತಿಸುವವರು ಇದ್ದಾರೆ. ಇದನ್ನು ನೋಡಿ ಹೇಳಬೇಕಾದವರು ನಾವೇ.

ಆದ್ದರಿಂದ ನನ್ನದೊಂದು ಸೂಚನೆ. ನಮ್ಮ ಶಾಲೆಯಲ್ಲಿ ಒಂದು ಗಾಳಿ ವಹಿ ಇಡೋಣ. ದಿನಾ ಪ್ರಾರ್ಥನೆ ಮುಗಿದ ಮೇಲೆ ಸರದಿಯಂತೆ ಒಬ್ಬರು ಇಷ್ಟನ್ನು ಬರೆಯಬೇಕು:
1. ದೂರದ ಗುರುತಿನ ಮರ ಸ್ಪಷ್ಟ ಕಾಣುತ್ತದೆಯೋ, ಮಸುಕೋ?
2. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ?
3. ಎಲ್ಲಿಯಾದರೂ ಕಸ ಅಥವಾ ದಂಟು ಸುಡುತ್ತಿದ್ದಾರೆಯೇ?
4. ಕೆಮ್ಮು, ದಮ್ಮಿನಿಂದ ಎಷ್ಟು ಮಂದಿ ಶಾಲೆಗೆ ಬಂದಿಲ್ಲ?

ಒಂದು ವರ್ಷ ಬರೆದರೆ ಯಾವ ತಿಂಗಳು ಹೊಗೆ ಹೆಚ್ಚು ಎಂದು ಗೊತ್ತಾಗುತ್ತದೆ. ಆ ವಹಿಯನ್ನು ಗ್ರಾಮಸಭೆಯಲ್ಲಿ ಓದಿದರೆ ದೊಡ್ಡವರು ಸುಮ್ಮನೆ ತಳ್ಳಿಹಾಕಲಾರರು. ದಂಟನ್ನು ಸುಡದೆ ಕತ್ತರಿಸಿ ಹೊಲಕ್ಕೇ ಹಾಕಿದರೆ ಗೊಬ್ಬರವೂ ಆಗುತ್ತದೆ. ಅಕ್ಕಪಕ್ಕದ ಊರಿನ ಶಾಲೆಗಳೂ ಹೀಗೆ ಬರೆದು ನಮ್ಮ ಜೊತೆ ಹಂಚಿಕೊಂಡರೆ ಇನ್ನೂ ಚೆನ್ನ.

ಉತ್ತರ ಹೇಳಿರಿ
1. ಪಿ.ಎಂ. 2.5 ಎಂದರೇನು?
2. ಉಪಗ್ರಹ ಇದ್ದರೂ ನೆಲದ ಯಂತ್ರ ಏಕೆ ಬೇಕು?
3. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ತಾಸು ಒಲೆ ಉರಿಯುತ್ತದೆ? ಅವ್ವನನ್ನು ಕೇಳಿ ಬರೆಯಿರಿ.

– 7ನೇ ತರಗತಿ, ಹತ್ತಿಮತ್ತೂರು