ಇಂದಿನ ಚಿಂತನೆ: ಗ್ಯೊಂಗ್ಜುವಿನ ಪಕ್ಕದ ಬಾಗಿಲು



ಕೊರಿಯಾದ ಗ್ಯೊಂಗ್ಜು ಊರಿಗೆ ಹೊರಟಿರುವ ನಮ್ಮ ಹುಳಿಮಾವಿನ ಬಂಧುಗಳು ಕೇಳಿದ್ದಕ್ಕೆ, ಹೋಗಿ ಬಂದವನಾಗಿ ಬರೆಯುತ್ತಿದ್ದೇನೆ. ಹಿರಿಯರಿಗೆ ಏನು ಕೊಟ್ಟರೂ ಎರಡು ಕೈಯಲ್ಲಿ ಕೊಡಿ. ವಯಸ್ಸು ಕೇಳುತ್ತಾರೆ, ಬೇಸರ ಬೇಡ. ಮಾತಿನ ಮರ್ಯಾದೆ ಅದರ ಮೇಲಿದೆ. ಸೊಕ್ಕುರಂ ಗುಹೆಯ ಬುದ್ಧನನ್ನು ಗಾಜಿನಾಚೆಯಿಂದಲೇ ನೋಡಬೇಕು, ಫೋಟೊ ಇಲ್ಲ.

751ರಲ್ಲಿ ಕಟ್ಟಲು ತೊಡಗಿದ ಬುಲ್ಗುಕ್ಸಾ ವಿಹಾರದಲ್ಲಿ ನಡುಬಾಗಿಲು ಭಿಕ್ಕುಗಳದು, ಉಳಿದವರಿಗೆ ಪಕ್ಕದ ಬಾಗಿಲು. ಯಾರೋ ಅತ್ತ ಕೈ ತೋರಿಸಿದಾಗ ನನ್ನ ಕಾಲು ನಿಂತುಬಿಟ್ಟಿತು. ಊರ ಗುಡಿಯ ಹೊರಗೇ ನಿಂತಿರುತ್ತಿದ್ದ ಅಪ್ಪ ನೆನಪಾದರು. ಅಷ್ಟರಲ್ಲಿ ಸೂಟು ತೊಟ್ಟ ಕೊರಿಯನ್ನರೊಬ್ಬರು ಅದೇ ಪಕ್ಕದ ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಹೋದರು. ನಡುಬಾಗಿಲ ಭಿಕ್ಕುವೂ ಹುಟ್ಟಿನಿಂದ ಭಿಕ್ಕುವಲ್ಲವಲ್ಲ! ನನ್ನ ಶೂಗಳನ್ನು ಅವರ ಶೂ ಪಕ್ಕವೇ ಬಿಟ್ಟು, ಒಳಗೆ ಮೂರು ಸಲ ವಂದಿಸಿದೆ. ಚಳಿಗಾಲವಾದರೆ ಕಾಲುಚೀಲ ಇರಲಿ, ಮರದ ನೆಲ ಕೊರೆಯುತ್ತದೆ.