ಕುಲ್ಲಾಯಿಗೆ ಎಷ್ಟು ಬಟ್ಟೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು, ಅಳಿಯ ಹಳೇ ಕಾಲದ ಉಡುಪು ತೊಟ್ಟು ಸೇರುವ ಕೂಟಕ್ಕೆ ಹೋಗಿದ್ದರು. ಮುಂದಿನ ಸಲ ಅಳಿಯ ವಿಜಯನಗರದ ಸರದಾರನಾಗಿ ಹೋಗಬೇಕಂತೆ. ಬಾಡಿಗೆಗೆ ಸಿಗುವ ನಾಟಕದ ಡ್ರೆಸ್ ನೋಡಿ ಹೊಲಿಸಿ ಕಳಿಸಬಹುದೆ? ನಮ್ಮಲ್ಲಿ ಇಂಥ ಕೂಟಗಳಿಲ್ಲವೆ?
– ಓದುಗರೊಬ್ಬರು, ಅಕ್ಕಿಪೇಟೆ

ನಾಟಕದ ಡ್ರೆಸ್ ನೋಡಿ ಹೊಲಿಸಬೇಡಿ. ಮಖಮಲ್ಲು, ಚಮಕಿ, ಭುಜಕೀರ್ತಿ ಎಲ್ಲ ಕಂಪನಿ ನಾಟಕದ ರಾಜನವು. ಅದೇ ರಾಜ ಸಿನಿಮಾಕ್ಕೂ ಕ್ಯಾಲೆಂಡರಿಗೂ ನಡೆದುಬಂದ. ನಮ್ಮ ಕಣ್ಣಿನಲ್ಲಿ ಕೂತಿರುವವನೂ ಅವನೇ.

ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟದ್ದು ಬೇರೆ ಥರ ಇದೆ. ಚಿನ್ನದ ಎಳೆಯಲ್ಲಿ ಗುಲಾಬಿ ಕಸೂತಿ ಹಾಕಿದ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಆಭರಣ, ತಲೆಗೆ ಜರತಾರಿಯ ಟೊಪ್ಪಿ, ಕಾಲು ಬರಿಗಾಲು. ಆ ಎತ್ತರದ ಟೊಪ್ಪಿಯೇ ಕುಲ್ಲಾಯಿ, ಅದರ ಜೊತೆ ತೊಡುತ್ತಿದ್ದ ನಿಲುವಂಗಿ ಕಬಾಯಿ. ಎರಡೂ ಪರ್ಷಿಯ, ಅರಬ್ ಕಡೆಯ ಆಸ್ಥಾನಗಳ ರೂಢಿಯಿಂದ ಬಂದವು. ಹಿಂದೂ ಸಾಮ್ರಾಜ್ಯ ಎಂದು ನಾವು ಹೆಮ್ಮೆಪಡುವ ವಿಜಯನಗರದ ದರ್ಬಾರಿನಲ್ಲಿ ಇದನ್ನು ತೊಟ್ಟು ನಿಲ್ಲುವುದೇ ಗೌರವವಾಗಿತ್ತು. ತಿರುಮಲದಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯಲ್ಲೂ ಕುಲ್ಲಾಯಿ ಇದೆ, ಆದರೆ ಮೈ ಬರಿಮೈ: ದೇವರ ಮುಂದೆ ಕಬಾಯಿ ಇಲ್ಲ. ಅಳಿಯಂದಿರು ಹೋಗುವುದು ಕೂಟಕ್ಕೆ ತಾನೆ, ಕಬಾಯಿ ಬೇಕೇ ಬೇಕು.

ನೋಡಿ ಹೊಲಿಯಲು ಮಾದರಿ ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿದೆ. ವೀರಭದ್ರ ದೇವಾಲಯದ ಮಾಡಿನ ಚಿತ್ರಗಳು ಅಚ್ಯುತದೇವರಾಯನ ಕಾಲದವು, ಅಂದರೆ ಕೆಂಪೇಗೌಡರು ನಿಮ್ಮ ಪೇಟೆಗಳಿಗೆ ಅಡಿಪಾಯ ಹಾಕಿಸಿದರೆನ್ನುವ 1537ರ ಆಸುಪಾಸು. ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ಸಾಗಬಹುದು. ಹೆಂಗಸರ ಸೀರೆಗಳನ್ನೂ ಬಿಡದೆ ನೋಡಿ. ಗೆರೆ, ಚೌಕುಳಿ, ಹೂಬಳ್ಳಿ ಅಂತ ಒಂದರ ಹಾಗೆ ಇನ್ನೊಂದಿಲ್ಲ. ಮಗಳ ಉಡುಪಿಗೆ ಅಲ್ಲೇ ದಾರಿ ಸಿಗುತ್ತದೆ.

ಇನ್ನು ಹೊಲಿಗೆ. ಕಬಾಯಿಗೆ ತೆಳುವಾದ ಬಿಳಿ ಮಲ್ ಬಟ್ಟೆ ಸಾಕು. 44 ಇಂಚು ಪನ್ನಾದ್ದು ನಾಲ್ಕೂವರೆ ಮೀಟರ್ ಚಿಕ್ಕಪೇಟೆಯಲ್ಲಿ ತನ್ನಿ. ಒಗೆದು ಒಣಗಿಸಿದ ಮೇಲೇ ಕತ್ತರಿ ಹಾಕಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ತೋಳು ತುಂಬುದೋಳು, ಸೊಂಟಕ್ಕೊಂದು ನಡುಪಟ್ಟಿ. ಕುಲ್ಲಾಯಿಗೆ ಜರಿ ಬಟ್ಟೆಯನ್ನು ಕಾಲು ವೃತ್ತವಾಗಿ ಕತ್ತರಿಸಬೇಕು. ತಲೆಯ ಸುತ್ತಳತೆ 22 ಇಂಚಾದರೆ ವೃತ್ತದ ಮೂಲೆಯಿಂದ ಅಂಚಿಗೆ 14 ಇಂಚು, ಹೊಲಿಗೆಗೆ ಅರ್ಧ ಇಂಚು ಬೇರೆ. ಎರಡು ನೇರ ಅಂಚುಗಳನ್ನು ಕೂಡಿಸಿದರೆ ಟೊಪ್ಪಿ ತಯಾರು. ಒಳಗೆ ಬಕ್ರಂ ಕೊಟ್ಟು, ತುದಿಯನ್ನು ತುಸು ದುಂಡಗೆ ಮಾಡಲು ಹೇಳಿ. ಚೂಪಾಗಿ ಬಿಟ್ಟರೆ ಹುಟ್ಟುಹಬ್ಬದ ಟೊಪ್ಪಿಯಾದೀತು.

ಇಷ್ಟೆಲ್ಲ ಮಾಡಿ ಅಲ್ಲಿ ಒಳಗೆ ಬಿಡದಿದ್ದರೆ ಎಂಬ ಭಯ ಬೇಡ. ಅಮೆರಿಕದಲ್ಲಿ ಈ ಹುಚ್ಚಿನ ದೊಡ್ಡ ಸಂಘ 1966ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಶುರುವಾಯಿತು. ಅವರು ಕೇಳುವುದು 17ನೇ ಶತಮಾನಕ್ಕಿಂತ ಹಿಂದಿನ ಉಡುಪಿನ ಒಂದು ಪ್ರಯತ್ನವನ್ನು ಮಾತ್ರ. ಕೃಷ್ಣದೇವರಾಯನ ಆಳ್ವಿಕೆ 1509ರಿಂದ 1529. ಲೆಕ್ಕ ಸರಿಹೋಯಿತು.

ನಮ್ಮಲ್ಲಿ ಇಂಥ ಕೂಟವಿಲ್ಲವೆ ಎಂದಿರಿ. ಕರಗವನ್ನು ಇದಕ್ಕೆ ಹೋಲಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕತ್ತಿ ಹಿಡಿದ ವೀರಕುಮಾರರು ಚೈತ್ರ ಪೂರ್ಣಿಮೆಯ ರಾತ್ರಿ ಮಸ್ತಾನ್ ಸಾಬರ ದರ್ಗಾಕ್ಕೆ ಬರುವುದು ವೇಷಕ್ಕಲ್ಲ, ವ್ರತಕ್ಕೆ. ನಿಜವಾದ ಜೋಡಿ ನಮ್ಮೂರುಗಳ ‘ಕುರುಕ್ಷೇತ್ರ’ ನಾಟಕ. ತುಮಕೂರು, ಮಂಡ್ಯದ ಕಡೆ ರೈತ, ಮೇಷ್ಟ್ರು, ಲಾರಿ ಮಾಲೀಕ ತಾವೇ ದುಡ್ಡು ಕಟ್ಟಿ ಪಾತ್ರ ತಗೊಳ್ಳುತ್ತಾರೆ. ದುರ್ಯೋಧನನಿಗೆ ರೇಟು ಜಾಸ್ತಿ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಕೈಲಿ ಬೈಸಿಕೊಂಡು ಕಂದ ಕಲಿತು, ಬಾಡಿಗೆ ಕಿರೀಟ ಹೊತ್ತು ಬೆಳಗಿನ ಜಾವದವರೆಗೆ ರಾಜರಾಗಿರುತ್ತಾರೆ. ಪ್ರೀತಿಯಲ್ಲಿ ಅಮೆರಿಕದವರಿಗೆ ಇವರೇನೂ ಕಡಿಮೆಯಿಲ್ಲ. ಅಲ್ಲಿಯವರು ಬಟ್ಟೆಯನ್ನು ತಾವೇ ಹುಡುಕಿ, ಓದಿ, ಹೊಲಿಯುತ್ತಾರೆ. ನಾವು ಮಾತು, ಮಟ್ಟು ಕಲಿಯುತ್ತೇವೆ, ಬಟ್ಟೆಯನ್ನು ಬಾಡಿಗೆಯವನಿಗೆ ಬಿಡುತ್ತೇವೆ.

ಅಳಿಯಂದಿರು ಊರಿಗೆ ಬಂದಾಗ ಹಂಪಿ ಉತ್ಸವಕ್ಕೂ ಅದನ್ನೇ ತೊಡಬಹುದು. ತಾರೀಖು ವರ್ಷವರ್ಷ ಬದಲಾಗುತ್ತದೆ, ವಿಚಾರಿಸಿ ಹೊರಡಿ. ರಾಯರು ಬರಿಗಾಲಲ್ಲಿದ್ದರೆಂದು ಇವರು ಹಾಗಿರಬೇಕಿಲ್ಲ. ಮಧ್ಯಾಹ್ನದ ಹೊತ್ತು ಹಂಪಿಯ ಬಂಡೆ ಕಾದ ಕಾವಲಿ, ಚಪ್ಪಲಿ ಇರಲಿ.